180 ಯೆನ್ನಿಗೆ ಹರಾಜಾದ ಕೋಟೆಯ ಊರು



ಈ ವಾರ ನಿಮ್ಮನ್ನು ಜಪಾನಿನ ಪಶ್ಚಿಮ ಭಾಗದ ಮತ್ಸುಯೆ ಎಂಬ ಊರಿಗೆ ಕರೆದೊಯ್ಯುವ ಮನಸ್ಸಾಗಿದೆ. ಶಿಮಾನೆ ಪ್ರಾಂತದ ಈ ರಾಜಧಾನಿ ದೊಡ್ಡ ನಗರವೇನಲ್ಲ. ಒಂದು ಕಡೆ ಶಿಂಜಿ ಸರೋವರ, ಇನ್ನೊಂದು ಕಡೆ ನಕಾಉಮಿ ಎಂಬ ಹಿನ್ನೀರು, ಎರಡನ್ನೂ ಸೇರಿಸಿ ಊರಿನ ನಡುವೆ ಹರಿಯುವ ಓಹಾಶಿ ಹೊಳೆ. ಉಳಿದ ಜಾಗದಲ್ಲೆಲ್ಲ ಕೋಟೆಯ ಕಂದಕಗಳು. ಹಳೆಯ ಊರನ್ನು ನೋಡಲು ವಾಹನ ಬೇಡ. ಬೆಳಗ್ಗೆ ಹೊರಟರೆ ಸಂಜೆಯೊಳಗೆ ಕಾಲ್ನಡಿಗೆಯಲ್ಲಿಯೇ ನೋಡಿ ಮುಗಿಸಬಹುದು. ಮಕ್ಕಳು ಭೂಪಟವನ್ನು ತೆರೆದು ಜಪಾನ್ ಸಮುದ್ರದ ದಡದಲ್ಲಿ ಈ ಹೆಸರನ್ನು ಹುಡುಕಿಕೊಳ್ಳಲಿ. ನಾವು ಕೋಟೆಯ ಬಾಗಿಲಿನಿಂದ ನಡಿಗೆ ಆರಂಭಿಸೋಣ.

ಕೋಟೆ ಎಂದೊಡನೆ ಬೇಕಲದ ಕೆಂಪುಕಲ್ಲಿನ ಗೋಡೆಗಳನ್ನು ನೆನೆಯುವ ನಮಗೆ ಇಲ್ಲಿ ಕಾಣುವುದು ಬೇರೆಯೇ ನೋಟ. ಕೆಳಗೆ ಒರಟಾದ ಕಲ್ಲುಗಳನ್ನು ಜೋಡಿಸಿ ಕಟ್ಟಿದ ಎತ್ತರದ ಪಾಯ. ಅದರ ಮೇಲೆ ಕಪ್ಪು ಹಲಗೆಗಳನ್ನು ಹೊದ್ದು ನಿಂತ ಮರದ ಗೋಪುರ. ಪಾಯವೂ ಸೇರಿ ಸುಮಾರು 30 ಮೀಟರ್ ಎತ್ತರ. ಹೊರಿಓ ಯೊಶಿಹರು ಎಂಬ ಪಾಳೆಯಗಾರನು 1607ರಲ್ಲಿ ಆರಂಭಿಸಿದ ಕೆಲಸ 1611ರಲ್ಲಿ ಮುಗಿಯಿತು. ಮುಂದೆ ಕೋಟೆ ಬೇರೆ ಮನೆತನಗಳ ಕೈಸೇರಿ, 1638ರಿಂದ ಮತ್ಸುದಾಯಿರ ವಂಶದವರು ಹತ್ತು ತಲೆಮಾರು ಇಲ್ಲಿಂದ ಆಳಿದರು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ನೆಲಮಾಳಿಗೆ. ಮುತ್ತಿಗೆಯ ಕಾಲಕ್ಕೆಂದು ಗೋಪುರದ ಒಳಗೇ ತೋಡಿದ ಬಾವಿಯೊಂದು ಅಲ್ಲಿದೆ. ಮೇಲಿನ ಅಂತಸ್ತುಗಳಲ್ಲಿ ಕಂಬಗಳನ್ನು ನೋಡಬೇಕು. ಒಂದೇ ದಪ್ಪ ಮರ ಸಾಲದಿದ್ದಾಗ ಬಡಗಿಗಳು ಕಂಬದ ಸುತ್ತ ಹಲಗೆಗಳನ್ನು ಹೊದಿಸಿ, ಕಬ್ಬಿಣದ ಪಟ್ಟಿಗಳಿಂದ ಬಿಗಿದು ಬಲಪಡಿಸಿದ್ದಾರೆ. ಕಡಿದಾದ ಏಣಿಮೆಟ್ಟಿಲುಗಳನ್ನು ಹತ್ತಿ ತುದಿಗೆ ಹೋದರೆ ನಾಲ್ಕೂ ದಿಕ್ಕಿಗೆ ತೆರೆದ ಕಾವಲು ಕೋಣೆ. ಊರು, ಹೊಳೆ, ಸರೋವರ ಎಲ್ಲವೂ ಅಲ್ಲಿಂದ ಕಾಣುತ್ತವೆ.

ಆದರೆ ಈ ಗೋಪುರ ಇಂದು ಇಲ್ಲಿರಬೇಕಾದುದೇ ಅಲ್ಲ. 1868ರಲ್ಲಿ ಜಪಾನಿನ ಆಳ್ವಿಕೆ ಬದಲಾಯಿತು. ಹೊಸ ಸರಕಾರಕ್ಕೆ ಹಳೆಯ ಪಾಳೆಯಗಾರರ ಕೋಟೆಗಳು ಬೇಡವಾದವು. ದೇಶದುದ್ದಕ್ಕೂ ಕೋಟೆಗಳು ಉರುಳಿದವು. ಮತ್ಸುಯೆಯ ಸರದಿ ಬಂದುದು 1875ರಲ್ಲಿ. ಸುತ್ತಲಿನ ಕಟ್ಟಡಗಳನ್ನು ಹರಾಜು ಹಾಕಿ ಕೆಡವಲಾಯಿತು. ಮುಖ್ಯ ಗೋಪುರವೂ 180 ಯೆನ್ನಿಗೆ ಹರಾಜಾಯಿತು. ಕೊಂಡವನಿಗೆ ಬೇಕಾಗಿದ್ದುದು ಅದರ ಮರ ಮತ್ತು ಕಬ್ಬಿಣ ಮಾತ್ರ.

ಆಗ ಮುಂದೆ ಬಂದವರು ಇಬ್ಬರು. ಒಬ್ಬರು ಹಳ್ಳಿಯ ಅನುಕೂಲವಂತ ಕೃಷಿಕ ಕತ್ಸುಬೆ ಮೊತೊಎಮೊನ್. ಇನ್ನೊಬ್ಬರು ಹಿಂದಿನ ಅರಸೊತ್ತಿಗೆಯ ಸೇವಕರಾಗಿದ್ದ ತಕಾಗಿ ಗೊಂಪಚಿ. ಅವರು ಹಣ ಹೊಂದಿಸಿ, ಹರಾಜಿನಲ್ಲಿ ಬಂದಷ್ಟೇ ಮೊತ್ತವನ್ನು ಕಟ್ಟಿ ಗೋಪುರವನ್ನು ಬಿಡಿಸಿಕೊಂಡರು. ಕಟ್ಟಿಸಿದ ದೊರೆಯ ಹೆಸರು ಇತಿಹಾಸದ ಪುಟದಲ್ಲಿ ದೊಡ್ಡದಾಗಿದೆ. ಉಳಿಸಿದವರ ಹೆಸರನ್ನು ಕೇಳಿ ತಿಳಿಯಬೇಕು. ಜಪಾನಿನಲ್ಲಿ ಇಂದಿಗೂ ಹಳೆಯ ಗೋಪುರ ಉಳಿದಿರುವ ಕೋಟೆಗಳು ಬರಿಯ ಹನ್ನೆರಡು. ಅವುಗಳಲ್ಲಿ ಇದೂ ಒಂದು.

ಉಳಿಸಿಕೊಂಡ ಕಥೆ ಅಲ್ಲಿಗೆ ಮುಗಿಯಲಿಲ್ಲ. 1950ರಲ್ಲಿ ಹೊಸ ಸಂರಕ್ಷಣಾ ಕಾಯಿದೆ ಬಂದಾಗ ಗೋಪುರಕ್ಕಿದ್ದ ರಾಷ್ಟ್ರೀಯ ನಿಧಿ ಎಂಬ ಮನ್ನಣೆ ಕೈತಪ್ಪಿ, ಒಂದು ಮೆಟ್ಟಿಲು ಕೆಳಗಿನ ಸ್ಥಾನ ದೊರೆಯಿತು. ಊರಿನ ಜನ ಸಹಿ ಸಂಗ್ರಹಿಸಿ ಮನವಿ ಸಲ್ಲಿಸಿದರು. ಗೋಪುರ ಯಾವ ವರ್ಷ ಪೂರ್ಣಗೊಂಡಿತೆಂಬುದಕ್ಕೆ ಗಟ್ಟಿಯಾದ ದಾಖಲೆ ಬೇಕಾಗಿತ್ತು. 2012ರಲ್ಲಿ ಅದು ದೊರೆಯಿತು, ಅದೂ ಕೋಟೆಯ ಆವರಣದಲ್ಲಿಯೇ ಇರುವ ಮತ್ಸುಯೆ ದೇಗುಲದಲ್ಲಿ. 1611ನೆಯ ಇಸವಿಗೆ ಸಲ್ಲುವ ಕಾಲವನ್ನು ಬರೆದ ಎರಡು ಪ್ರಾರ್ಥನಾ ಫಲಕಗಳು ಅಲ್ಲಿ ಸಿಕ್ಕಿದವು. ಫಲಕಗಳಲ್ಲಿದ್ದ ಮೊಳೆಯ ತೂತುಗಳನ್ನು ನೆಲಮಾಳಿಗೆಯ ಕಂಬಗಳಲ್ಲಿದ್ದ ತೂತುಗಳೊಡನೆ ಹೋಲಿಸಿ ನೋಡಿದರು. ಒಂದಕ್ಕೊಂದು ಸರಿಯಾಗಿ ಹೊಂದಿದವು. 2015ರಲ್ಲಿ ಗೋಪುರ ಮತ್ತೆ ರಾಷ್ಟ್ರೀಯ ನಿಧಿಯಾಯಿತು. ಹಳೆಯ ಹಲಗೆ ಎಂದು ಯಾರಾದರೂ ಒಲೆಗೆ ಹಾಕಿದ್ದರೆ ಆ ಸಾಕ್ಷ್ಯ ಎಂದೋ ಬೂದಿಯಾಗಿರುತ್ತಿತ್ತು.

ಕೋಟೆಯ ಉತ್ತರದ ಕಡೆ ಇಳಿಯುವಾಗ ಜೋಜಾನ್ ಇನಾರಿ ದೇಗುಲವಿದೆ. ಅದರ ತುಂಬ ಕಲ್ಲಿನ ನರಿಗಳ ಸಾಲು. ಕೆಲವು ಪಾಚಿ ಹಿಡಿದು ಮುಖವೇ ಮಾಸಿವೆ. ಅಲ್ಲಿಂದ ಕಂದಕವನ್ನು ದಾಟಿದರೆ ಶಿಯೊಮಿ ನಾವತೆ ಎಂಬ ಬೀದಿ. ಒಂದು ಪಕ್ಕ ನೀರು, ನೀರಿನ ಮೇಲೆ ಬಾಗಿದ ಹಳೆಯ ದೇವದಾರು ಜಾತಿಯ ಮರಗಳು; ಇನ್ನೊಂದು ಪಕ್ಕ ಸಮುರಾಯಿಗಳ ಮನೆಗಳು. ಕಂದಕದಲ್ಲಿ ಚಿಕ್ಕ ದೋಣಿಗಳು ಓಡಾಡುತ್ತವೆ. ತಗ್ಗಾದ ಸೇತುವೆ ಬಂದಾಗ ದೋಣಿಯ ಮಾಡು ಕೆಳಗಿಳಿಯುತ್ತದೆ. ಕುಳಿತವರೆಲ್ಲರೂ ತಲೆ ಬಾಗಿಸಬೇಕು. ಮಕ್ಕಳಿಗೆ ಇದಕ್ಕಿಂತ ಮೆಚ್ಚಿನ ಸವಾರಿ ಈ ಊರಿನಲ್ಲಿ ಇರಲಾರದು.

ಈ ಬೀದಿಯ ಒಂದು ಮನೆಯ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಬೇಕು. 1891ರಲ್ಲಿ ಕೆಲವು ತಿಂಗಳು ಇಲ್ಲಿ ಬಾಡಿಗೆಗಿದ್ದವರು ಲಫ್ಕಾದಿಯೊ ಹರ್ನ್. 1850ರಲ್ಲಿ ಗ್ರೀಸಿನ ಲೆಫ್ಕಾದ ದ್ವೀಪದಲ್ಲಿ ಹುಟ್ಟಿ, ಅಯರ್‌ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತರಾಗಿ ದುಡಿದವರು. ಎಳೆಯ ವಯಸ್ಸಿನಲ್ಲಿಯೇ ಒಂದು ಕಣ್ಣನ್ನು ಕಳೆದುಕೊಂಡಿದ್ದರು. 1890ರಲ್ಲಿ ಮತ್ಸುಯೆಯ ಶಾಲೆಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ಊರವರು ಅವರನ್ನು ಹೆರುನ್ ಸಾನ್ ಎಂದು ಕರೆದರು. ಮೂರು ಕಡೆಯಿಂದ ಕೋಣೆಯನ್ನು ಸುತ್ತುವರಿದ ಈ ಮನೆಯ ಚಿಕ್ಕ ತೋಟವನ್ನು, ಅದರ ಕಲ್ಲು, ಕಪ್ಪೆ, ತಾವರೆಗಳನ್ನು ಅವರು ತಮ್ಮ ಪುಸ್ತಕದಲ್ಲಿ ವಿವರವಾಗಿ ಬಣ್ಣಿಸಿದ್ದಾರೆ. ತೋಟ ಇಂದಿಗೂ ಇದೆ. ಪಕ್ಕದಲ್ಲಿಯೇ 1933ರಲ್ಲಿ ತೆರೆದ ಸ್ಮಾರಕ ಸಂಗ್ರಹಾಲಯದಲ್ಲಿ ಅವರ ಮೇಜು ಇದೆ. ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಳ್ಳಲೆಂದು ಸಾಮಾನ್ಯಕ್ಕಿಂತ ಎತ್ತರವಾಗಿ ಮಾಡಿಸಿಕೊಂಡ ಮೇಜು ಅದು.

ಈ ಊರಿನ ಒಂದು ಕಥೆಯನ್ನು ಹರ್ನ್ ಬರೆದಿಟ್ಟಿದ್ದಾರೆ. ಬಿಳಿಚಿಕೊಂಡ ಹೆಂಗಸೊಬ್ಬಳು ಪ್ರತಿರಾತ್ರಿ ಮಿಠಾಯಿಯ ಅಂಗಡಿಗೆ ಬಂದು ಮಿಜುಅಮೆ ಎಂಬ ಸಿಹಿ ಪಾಕವನ್ನು ಒಂದೇ ಕಾಸಿನಷ್ಟು ಕೊಳ್ಳುತ್ತಿದ್ದಳು. ಅಂಗಡಿಯವನು ಕೇಳಿದ ಮಾತಿಗೆ ಉತ್ತರವಿಲ್ಲ. ಒಂದು ರಾತ್ರಿ ಹಿಂಬಾಲಿಸಿದವನು ಆಕೆ ಸ್ಮಶಾನದೊಳಗೆ ಹೋಗುವುದನ್ನು ಕಂಡು ಹೆದರಿ ಹಿಂದಿರುಗಿದ. ಮರುದಿನ ಆಕೆ ತನ್ನನ್ನು ಅನುಸರಿಸುವಂತೆ ಕೈಸನ್ನೆ ಮಾಡಿದಳು. ಜನ ಹೋಗಿ ಸಮಾಧಿಯನ್ನು ತೆರೆದಾಗ ತಾಯಿಯ ಶವದ ಪಕ್ಕದಲ್ಲಿ ಜೀವಂತ ಹಸುಳೆ. ಅದರ ಬಳಿ ಪಾಕದ ಪುಟ್ಟ ಬಟ್ಟಲು. ಇಂಥ ಕಥೆಗಳಿಂದಲೇ ಹರ್ನ್ ಲೋಕಪ್ರಸಿದ್ಧರಾದರು. 1904ರಲ್ಲಿ ಪ್ರಕಟವಾದ ‘ಕ್ವೈದಾನ್’ ಅವರ ಹೆಸರನ್ನು ಸ್ಥಿರಗೊಳಿಸಿತು.

ಇನ್ನು ಆ ಕಥೆಗಳ ಹಿಂದಿದ್ದವರ ಮಾತು. ಕೊಯಿಜುಮಿ ಸೆತ್ಸು 1868ರಲ್ಲಿ ಮತ್ಸುಯೆಯ ಸಮುರಾಯಿ ಮನೆತನದಲ್ಲಿ ಹುಟ್ಟಿದವರು. ಆಳ್ವಿಕೆ ಬದಲಾದ ಮೇಲೆ ಮನೆತನ ಬಡವಾಯಿತು. ಹನ್ನೊಂದರ ಪ್ರಾಯದಲ್ಲಿ ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತರು. ಹರ್ನ್ ಅವರ ಕೈಹಿಡಿದ ಮೇಲೆ ಗಂಡನಿಗೆ ಕಥೆ ಹೇಳುವುದೇ ಅವರ ದೊಡ್ಡ ಕೆಲಸವಾಯಿತು. ಗಂಡನಿಗೆ ಜಪಾನಿ ಸರಿಯಾಗಿ ಬಾರದು, ಹೆಂಡತಿಗೆ ಇಂಗ್ಲಿಷ್ ಬಾರದು. ಇಬ್ಬರೂ ಪ್ರತ್ಯಯಗಳನ್ನು ಬಿಟ್ಟು, ಕ್ರಿಯಾಪದಗಳನ್ನು ಬಾಗಿಸದೆ ತಮ್ಮದೇ ಒಂದು ಮನೆಮಾತನ್ನು ಕಟ್ಟಿಕೊಂಡರು. ಸೆತ್ಸು ಹಳೆಯ ಪುಸ್ತಕಗಳನ್ನು ಹುಡುಕಿ ಓದಿ ಸಿದ್ಧರಾಗುತ್ತಿದ್ದರು. ಆದರೆ ಹೇಳುವಾಗ ಪುಸ್ತಕ ನೋಡಕೂಡದು, ನಿನ್ನದೇ ಮಾತಿನಲ್ಲಿ ಹೇಳಬೇಕು ಎಂಬುದು ಹರ್ನ್ ಅವರ ಹಟ.

ತನಗೆ ವಿದ್ಯೆಯಿಲ್ಲವಲ್ಲ ಎಂಬ ಕೊರಗು ಸೆತ್ಸು ಅವರಿಗಿತ್ತು. ಹೆಚ್ಚು ಓದಿದ ಹೆಣ್ಣಾಗಿದ್ದರೆ ಇನ್ನಷ್ಟು ನೆರವಾಗುತ್ತಿದ್ದೆನಲ್ಲ ಎಂದು ಒಮ್ಮೆ ಹೇಳಿಕೊಂಡರು. ಹರ್ನ್ ಅವರನ್ನು ಪುಸ್ತಕದ ಕಪಾಟಿನ ಮುಂದೆ ಕರೆದೊಯ್ದು ತಮ್ಮ ಗ್ರಂಥಗಳನ್ನು ತೋರಿಸಿ, ಇವೆಲ್ಲ ಯಾರಿಂದ ಹುಟ್ಟಿದವು ಎಂದು ಕೇಳಿದರು. ನೀನು ಬಹಳ ಓದಿದವಳಾಗಿದ್ದರೆ ಈ ಕಥೆಗಳನ್ನು ಹುಚ್ಚುತನವೆಂದು ನಕ್ಕುಬಿಡುತ್ತಿದ್ದೆ ಎಂದರು. 

ಅಲ್ಲಿಂದ ಮುಂದೆ ಚಿಕ್ಕ ಗುಡ್ಡವೊಂದನ್ನು ಹತ್ತಿದರೆ ಮೇಯಿಮೇಯಿ ಆನ್ ಎಂಬ ಚಹದ ಕುಟೀರ. ಮುಳಿಹುಲ್ಲಿನ ಮಾಡು, ತಗ್ಗಿದ ಬಾಗಿಲು. ಫುಮಾಯಿ ಎಂಬ ಹೆಸರಿನಿಂದ ಖ್ಯಾತನಾದ ಏಳನೆಯ ಮತ್ಸುದಾಯಿರ ದೊರೆ ತನ್ನ ಅಭಿರುಚಿಗೆ ತಕ್ಕಂತೆ 1779ರಲ್ಲಿ ಕಟ್ಟಿಸಿದುದು. ಎಡೆಯಿಂದ ಎಡೆಗೆ ಸಾಗಿ 1966ರಲ್ಲಿ ಈ ಗುಡ್ಡದ ಮೇಲೆ ನೆಲೆಸಿತು. ಪುಡಿ ಚಹವನ್ನು ಕಲಸಿ, ಜತೆಗೆ ಒಂದು ತುಂಡು ಸಿಹಿ ಇಟ್ಟು ಅತಿಥಿಗೆ ಕೊಡುವ ಪದ್ಧತಿ ದೊರೆಯಿಂದ ಊರಿನ ಸಾಮಾನ್ಯ ಮನೆಗಳಿಗೂ ಇಳಿದು ಬಂದಿದೆ.

ಸಂಜೆಗೆ ಸರೋವರದ ದಡಕ್ಕೆ ಹೋಗೋಣ. ಸಿಹಿನೀರೂ ಉಪ್ಪುನೀರೂ ಬೆರೆತ ಈ ಸರೋವರದಲ್ಲಿ ಬೆಳಗಿನ ಹೊತ್ತು ದೋಣಿಗಳು ಚಿಕ್ಕ ಕಪ್ಪು ಮರುವಾಯಿಗಳನ್ನು ಬಾಚುತ್ತವೆ. ಸಂಜೆ ಎಲ್ಲರ ಕಣ್ಣು ಪಡುವಣದ ಕಡೆಗೆ. ದಡದಲ್ಲಿರುವ ಕಲಾಸಂಗ್ರಹಾಲಯ ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಗಡಿಯಾರ ನೋಡಿ ಬಾಗಿಲು ಹಾಕುವುದಿಲ್ಲ. ಸೂರ್ಯ ಮುಳುಗಿ ಅರ್ಧ ಗಂಟೆ ಕಳೆದ ಮೇಲೆಯೇ ಹಾಕುತ್ತದೆ.

ನಡಿಗೆ ಇಲ್ಲಿಗೆ ಮುಗಿಯಿತು. ನಾವು ಕಲಿತವರಲ್ಲ, ಮಕ್ಕಳಿಗೆ ಏನು ಹೇಳಿಕೊಡಬಲ್ಲೆವು ಎಂದು ಶಾಲೆಯ ಸಭೆಗಳಲ್ಲಿ ಹಿಂಜರಿಯುವ ತಾಯಂದಿರು ನಮ್ಮ ಗಡಿನಾಡಿನಲ್ಲಿ ಹಲವರಿದ್ದಾರೆ. ಕನ್ನಡ ಶಾಲೆ ಮಕ್ಕಳಿಗೆ ಅಕ್ಷರ ಕೊಡುತ್ತದೆ, ವ್ಯಾಕರಣ ಕೊಡುತ್ತದೆ. ಅಜ್ಜಿಯಿಂದ ತಾಯಿ ಕೇಳಿದ ಕಥೆ ಶಾಲೆಯ ಕಪಾಟಿನಲ್ಲಿ ಸಿಗದು. ಇಂದು ರಾತ್ರಿ ಊಟವಾದ ಮೇಲೆ ಅಂಥ ಒಂದು ಕಥೆಯನ್ನು ಮಕ್ಕಳಿಗೆ ಹೇಳಿ. ಪುಸ್ತಕ ಬೇಡ, ನಿಮ್ಮದೇ ಮಾತು ಸಾಕು.