ಸಮವಸ್ತ್ರದ ಶೂ ಕೊಳ್ಳುವಾಗ ಕಾಲನ್ನೂ ಕೇಳಿ

ಮೈಸೂರಿನ ಚಿನ್ನದಂಗಡಿಯೊಂದರಲ್ಲಿ ನಾನು ಬಳೆಗಳ ಕೌಂಟರ್ ನೋಡಿಕೊಳ್ಳುತ್ತೇನೆ. ಅಕ್ಷಯ ತೃತೀಯ, ವರಮಹಾಲಕ್ಷ್ಮಿ ಹಬ್ಬ, ಧನತ್ರಯೋದಶಿ ಬಂತೆಂದರೆ ಬೆಳಗ್ಗೆ ಕೌಂಟರಿಗೆ ಬಂದವರು ಊಟದ ಹೊತ್ತು ಬಿಟ್ಟು ರಾತ್ರಿಯವರೆಗೂ ನಿಂತೇ ಇರುತ್ತೇವೆ. ಗಿರಾಕಿಗಳಿಗೆ ಮೆತ್ತನೆಯ ಕುರ್ಚಿ, ಬಾದಾಮಿ ಹಾಲು. ನಮಗೆ ಸಮವಸ್ತ್ರದ ಸೀರೆ, ಎದೆಗೆ ಹೆಸರಿನ ಬಿಲ್ಲೆ, ಕಾಲಿಗೆ ಕಪ್ಪು ಬೆಲ್ಲಿ. ಬೆಲ್ಲಿ ಎಂದರೆ ಮೂಗು ದುಂಡಗಿರುವ, ಹೀಲ್ ಇಲ್ಲದ, ಅಂಗೈ ಅಗಲದ ತೆಳು ಅಟ್ಟೆಯ ಆ ಶೂ. ಕಾಲೇಜು ಹುಡುಗಿಯರು ಮದುವೆ ಮನೆಗೆ ಹಾಕಿಕೊಂಡು ಹೋದರೆ ಚೆಂದವೇ. ಟೈಲ್ಸ್ ನೆಲದ ಮೇಲೆ ದಿನವಿಡೀ ನಿಲ್ಲುವವರಿಗೆ ಅದು ಶಿಕ್ಷೆ.

ನಮ್ಮಲ್ಲಿಗೆ ಕೆಲಸಕ್ಕೆ ಬರುವ ಹುಡುಗಿಯರಲ್ಲಿ ಬಹಳ ಜನ ನಂಜನಗೂಡು, ಶ್ರೀರಂಗಪಟ್ಟಣ, ಟಿ. ನರಸೀಪುರದ ಕಡೆಯವರು. ಬಸ್ಸಿನಲ್ಲಿ ಬರುವಾಗ ಕಾಲಲ್ಲಿ ಅಗಲದ ಚಪ್ಪಲಿ, ಚೀಲದಲ್ಲಿ ಬೆಲ್ಲಿ. ಸೇರಿದ ಮೊದಲ ವಾರ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. “ಅಕ್ಕ, ಆಮೇಲೆ ಅಭ್ಯಾಸ ಆಗ್ತದಾ?” ಎಂದು ಕೇಳುತ್ತಾರೆ. ಹಿಮ್ಮಡಿಯ ಚರ್ಮಕ್ಕೆ ಅಭ್ಯಾಸವಾಗುತ್ತದೆ. ಅಂಗಾಲಿಗೆ, ಮೊಣಕಾಲಿಗೆ, ಸೊಂಟಕ್ಕೆ ಆಗುವುದಿಲ್ಲ. ಕೆಲವು ವರ್ಷ ಕಳೆದವರನ್ನು ಕೇಳಿ ನೋಡಿ: ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದ ನೋವು ಎನ್ನುತ್ತಾರೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಕೆಳಗೆ ಒಂದು ದಪ್ಪ ಪಟ್ಟಿಯಿದೆ. ಪಾದದ ಕಮಾನನ್ನು ಎತ್ತಿ ಹಿಡಿಯುವುದು ಅದೇ. ಅದರ ಮೇಲೆ ದಿನದಿನವೂ ಭಾರ ಬಿದ್ದು ಹುಟ್ಟುವ ನೋವನ್ನು ವೈದ್ಯರು ಪ್ಲಾಂಟಾರ್ ಫೇಸಿಯೈಟಿಸ್ ಎನ್ನುತ್ತಾರೆ.

ಎತ್ತರದ ಹೀಲ್ ಕೆಟ್ಟದ್ದು, ಹಾಗಾಗಿ ಚಪ್ಪಟೆ ಶೂ ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ. ಅರ್ಧ ಮಾತ್ರ ನಿಜ. ಎತ್ತರದ ಹೀಲ್ ದೇಹದ ಭಾರವನ್ನೆಲ್ಲ ಬೆರಳುಗಳ ಬುಡಕ್ಕೆ ತಳ್ಳುತ್ತದೆ. ತೀರಾ ಚಪ್ಪಟೆಯಾದ ತೆಳು ಅಟ್ಟೆ ಕಮಾನಿಗೆ ಆಸರೆಯನ್ನೇ ಕೊಡುವುದಿಲ್ಲ. ನೆಲದ ಗಡಸು ನೇರವಾಗಿ ಮೂಳೆಗೆ ತಾಗುತ್ತದೆ. ಬೆಲ್ಲಿಗೆ ಪಟ್ಟಿಯೂ ಇಲ್ಲ, ಲೇಸೂ ಇಲ್ಲ. ಅದು ಕಳಚಿ ಬೀಳದಂತೆ ಬೆರಳುಗಳೇ ಮಡಚಿಕೊಂಡು ಬಿಗಿಹಿಡಿಯಬೇಕು. ಇನ್ನು ನಿಲ್ಲುವ ಕೆಲಸಕ್ಕೆ ತನ್ನದೇ ಕಷ್ಟವಿದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತವೆ. ಒಂದೇ ಕಡೆ ನಿಂತಾಗ ಆ ಕೆಲಸ ನಿಧಾನವಾಗಿ ರಕ್ತ ಕಾಲಿನಲ್ಲೇ ಉಳಿಯುತ್ತದೆ, ಪಾದ ಊದುತ್ತದೆ. ಬೆಳಗ್ಗೆ ಸರಿಯಾಗಿ ಕೂತ ಶೂ ಸಂಜೆ ಬಿಗಿಯುವುದು ಇದಕ್ಕೇ. ವರ್ಷಗಟ್ಟಲೆ ಹೀಗೇ ನಿಂತವರಲ್ಲಿ ಕಾಲಿನ ನರ ಉಬ್ಬಿ ಗಂಟುಗಂಟಾಗುವುದೂ ಹೆಚ್ಚು.

ನಮ್ಮ ಹೆಂಗಸರಿಗೆ ಇನ್ನೂ ಒಂದು ತೊಂದರೆಯಿದೆ, ಶೂ ಮಾಡುವವರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ. ಅದು ಕಾಲುಂಗುರ. ಮುಂಭಾಗ ತಗ್ಗಾಗಿರುವ ಶೂ ಒಳಗೆ ಬೆಳ್ಳಿಯ ಉಂಗುರ ಪಕ್ಕದ ಬೆರಳನ್ನು ಒತ್ತಿ ಆಣಿ ಬರಿಸುತ್ತದೆ. ಕಾಲುಂಗುರ ತೆಗೆದಿಡು ಎಂದು ಮದುವೆಯಾದ ಹೆಣ್ಣಿಗೆ ಹೇಳುವುದು ಸುಲಭವಲ್ಲ, ಹೇಳಬೇಕಾದದ್ದೂ ಇಲ್ಲ. ಶೂವೇ ಬದಲಾಗಬೇಕು.

ಅಗಲದ ಕಥೆಯೂ ಇಷ್ಟೇ. ನಮ್ಮ ಮಾರುಕಟ್ಟೆಯ ಶೂಗಳು ಬ್ರಿಟಿಷ್ ಇಲ್ಲವೇ ಯುರೋಪಿನ ಅಳತೆಯಲ್ಲಿ ಬರುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಯುರೋಪಿನವರ ಪಾದಕ್ಕಿಂತ ಅಗಲ ಎಂದು ಅದರಲ್ಲಿ ಕಂಡುಬಂತು. ಆ ಆಧಾರದ ಮೇಲೆ ‘ಭಾ’ ಎಂಬ ನಮ್ಮದೇ ಅಳತೆಯ ಪದ್ಧತಿ ರೂಪುಗೊಂಡಿತು. ಅಂಗಡಿಯಲ್ಲಿ ಅಗಲ ಸಾಲದಿದ್ದಾಗ ನಾವು ಮಾಡುವುದು ಒಂದು ಸೈಜ್ ದೊಡ್ಡದು ಕೊಳ್ಳುವುದು. ಆಗ ಮುಂದೆ ಬಿಗಿ ಕಡಿಮೆಯಾಗುತ್ತದೆ, ಹಿಂದೆ ಹಿಮ್ಮಡಿ ಜಾರುತ್ತದೆ, ಮತ್ತೆ ಬೊಬ್ಬೆ.

ಹಾಗಾದರೆ ನಿಂತು ದುಡಿಯುವವರಿಗೆ ಸೀರೆಯ ಕೆಳಗೂ ಒಪ್ಪುವ ಶೂ ಹೇಗಿರಬೇಕು? ಜೊತೆಯವರಿಗೆ ನಾನು ಹೇಳುವುದಿಷ್ಟು. ಶೂ ಕೊಳ್ಳಲು ಸಂಜೆ ಹೋಗಿ, ಪಾದ ಊದಿರುವಾಗಲೇ ಅಳತೆ ಸರಿಯಾಗಿ ಸಿಗುವುದು. ನಿಂತುಕೊಂಡು ಎರಡೂ ಪಾದ ಅಳೆಸಿ, ದೊಡ್ಡ ಪಾದಕ್ಕೆ ಹೊಂದುವುದನ್ನು ಕೊಳ್ಳಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ, ಕಾಲುಂಗುರ ತಾಗದಷ್ಟು ಎತ್ತರವೂ ಇರಲಿ. ಶೂವನ್ನು ಕೈಯಲ್ಲಿ ಹಿಡಿದು ಮಡಚಿ ನೋಡಿ. ಬೆರಳುಗಳ ಬುಡದ ಹತ್ತಿರ ಬಾಗಿದರೆ ಸರಿ, ನಟ್ಟನಡುವೆ ಎರಡಾಗಿ ಮಡಚಿಕೊಂಡರೆ ಅಲ್ಲೇ ಬಿಟ್ಟು ಬನ್ನಿ. ಬಟ್ಟೆ ಹಿಂಡಿದಂತೆ ತಿರುಚಿದರೆ ಪೂರ್ತಿ ತಿರುಚಿಕೊಳ್ಳಬಾರದು. ಹಿಮ್ಮಡಿಯ ಹಿಂಭಾಗ ಒತ್ತಿದಾಗ ಗಟ್ಟಿಯಾಗಿರಬೇಕು. ಒಂದಿಂಚಿಗಿಂತ ಕಡಿಮೆ ಎತ್ತರದ, ಅಗಲವಾದ ಹೀಲ್ ಇದ್ದರೆ ಒಳ್ಳೆಯದು. ಪಾದದ ಮೇಲೆ ಒಂದು ಪಟ್ಟಿ ಇರಲಿ, ಊದಿದಾಗ ಸಡಿಲಿಸಲು ಬರುವಂಥದ್ದು. ಒಳಗಿನ ಮೆತ್ತೆ ತೆಗೆದು ಬೇರೆ ಹಾಕುವಂತಿದ್ದರೆ ಇನ್ನೂ ಮೇಲು. ಸಾಧ್ಯವಾದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಬೆವರು ಆರಲು, ಮೆತ್ತೆ ಮತ್ತೆ ಉಬ್ಬಲು ಹೊತ್ತು ಸಿಗುತ್ತದೆ.

ಸಲಹೆ ಕೊಡುವುದು ಸುಲಭ. ದುಡ್ಡು ಯಾರದು? ಮುನ್ನೂರು, ನಾನೂರು ರೂಪಾಯಿಯ ಬೆಲ್ಲಿ ಕೊಳ್ಳುವ ಹುಡುಗಿಗೆ ಒಳ್ಳೆಯ ಶೂ ಗೊತ್ತಿಲ್ಲವೆಂದಲ್ಲ. ಎರಡು ಸಾವಿರ ಅವಳ ಕೈಯಲ್ಲಿಲ್ಲ. ನನ್ನ ವಾದ ಇರುವುದು ಇಲ್ಲೇ. ಇಂಥದೇ ಶೂ ಹಾಕಿಕೊಂಡು ಬಾ ಎಂದು ನಿಯಮ ಮಾಡಿದವರು ಆ ಶೂ ಕಾಲಿಗೆ ಏನು ಮಾಡುತ್ತದೆಂಬುದಕ್ಕೂ ಹೊಣೆ ಹೊರಬೇಕು. ತಕ್ಕಡಿ, ಭೂತಗನ್ನಡಿ, ಬಿಲ್ಲಿನ ಯಂತ್ರ ಅಂಗಡಿಯ ಖರ್ಚಿನಲ್ಲೇ ಬರುತ್ತವೆ. ನಿಂತು ಮಾಡುವ ಕೆಲಸದಲ್ಲಿ ಶೂ ಕೂಡ ಕೆಲಸದ ಸಲಕರಣೆಯೇ. ಶೋರೂಮಿನ ಅಂದ ಕೆಡುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಸೀರೆಯ ಕೆಳಗೆ ಓಟದ ಶೂ ಹಾಕುತ್ತೇವೆಂದು ನಾವು ಕೇಳುತ್ತಿಲ್ಲ. ಕಪ್ಪು ಬಣ್ಣ ಇರಲಿ, ಮಾದರಿ ಅವರವರ ಕಾಲಿಗೆ ತಕ್ಕದ್ದು ಇರಲಿ. ಬಳೆ ನೋಡಲು ಬಂದವರು ನೋಡುವುದು ನಮ್ಮ ಮುಖವನ್ನು. ನೋವು ನುಂಗಿಕೊಂಡ ಮುಖದಲ್ಲಿ ಯಾವ ಅಂದವಿದೆ?

ಎಷ್ಟೇ ಒಳ್ಳೆಯ ಶೂ ಆದರೂ ಅದು ಕುರ್ಚಿಯ ಬದಲಿಗೆ ಬರಲಾರದು, ಈ ಮಾತನ್ನೂ ಸೇರಿಸಲೇಬೇಕು. ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಹೇಳಿತ್ತು. ಅದು ಕಾರ್ಖಾನೆಗಳ ಮಾತು. ಅಂಗಡಿಗಳಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಕಲ್ಲಿಕೋಟೆಯ ಅಂಗಡಿಗಳ ಹೆಣ್ಣುಮಕ್ಕಳು ‘ಪೆಣ್‌ಕೂಟ್ಟ್’ ಸಂಘಟನೆಯಲ್ಲಿ ಒಂದಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ಕೂರುವ ಹಕ್ಕನ್ನು ಸೇರಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಫಿಲಿಪ್ಪೀನ್ಸ್ ಸರ್ಕಾರ 2017ರ ಆದೇಶದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಕುರ್ಚಿ, ಶೂ ಎರಡನ್ನೂ ಹೇಳಿತು: ನಿಂತು ದುಡಿಯುವ ಹೆಂಗಸರ ಮೇಲೆ ಎತ್ತರದ ಹೀಲ್ ಹೇರಬಾರದು, ಹೀಲ್ ಒಂದಿಂಚು ಮೀರಬಾರದು, ಕೂರಲು ಆಸನ ಇರಬೇಕು. ಅಕ್ಕಪಕ್ಕದ ರಾಜ್ಯಗಳ ಕಾಯ್ದೆಗೆ ಶೂವಿನ ಈ ಮಾತೂ ಸೇರಿದ್ದರೆ ಪೂರ್ಣವಾಗುತ್ತಿತ್ತು.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದುಡಿಮೆಯ ಗಂಟೆ, ಬಿಡುವಿನ ಹೊತ್ತನ್ನು ಅದು ಗೆರೆ ಕೊರೆದು ಹೇಳುತ್ತದೆ. ಕೌಂಟರಿನ ಹಿಂದೆ ಸ್ಟೂಲ್ ಇರಬೇಕು, ಸಮವಸ್ತ್ರದಲ್ಲಿ ಶೂ ಕಡ್ಡಾಯವಾದರೆ ಅದು ಕಾಲಿಗೆ ಹೊಂದಬೇಕು, ಖರ್ಚು ಮಾಲೀಕರದ್ದು: ಇಷ್ಟನ್ನು ಅಷ್ಟೇ ಗೆರೆ ಕೊರೆದು ಹೇಳಿದರೆ ಆಭರಣದಂಗಡಿ, ಜವಳಿ ಅಂಗಡಿ, ಹೋಟೆಲಿನ ಸ್ವಾಗತ ಕೌಂಟರುಗಳಲ್ಲಿ ನಿಂತಿರುವ ಹೆಣ್ಣುಮಕ್ಕಳಿಗೆಲ್ಲ ಅನುಕೂಲ. ಕಾರ್ಮಿಕ ಇಲಾಖೆಯ ತಪಾಸಣೆಗೆ ಬಂದವರು ಹಾಜರಿ ಪುಸ್ತಕದ ಜೊತೆಗೆ ಕೌಂಟರಿನ ಹಿಂಬದಿಯನ್ನೂ ನೋಡಲಿ.

ಕಾಯ್ದೆಗೆ ಕಾಯದೆಯೂ ಮಾಲೀಕರು ಇದನ್ನು ಮಾಡಬಹುದು. ದಸರಾಕ್ಕೆ ಮೊದಲು ಹೊಸ ಸಮವಸ್ತ್ರಕ್ಕೆ ಸೀರೆ ಆರಿಸುವಾಗ ಬಣ್ಣ, ಅಂಚಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಈ ಸಲ ಆ ಚರ್ಚೆಗೆ ಕೌಂಟರಿನ ಇಬ್ಬರು ಹೆಂಗಸರನ್ನು ಕರೆಯಿರಿ, ಸೀರೆಯ ಲೆಕ್ಕದ ಕೆಳಗೆ ಶೂಗೂ ಒಂದು ಸಾಲು ಬರೆಯಿರಿ.