ಬೇಲಿಯನ್ನು ನೋಡಿಕೊಳ್ಳುವವರು ಯಾರು?

ಕರೆಂಟು ಬೇಕು ಎಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಅಡಿಕೆ ತೋಟಕ್ಕೆ ನೀರು ಬಿಡಲು ಹೊರಟಾಗ ವೋಲ್ಟೇಜಿಲ್ಲದೆ ಪಂಪು ಗುಂಯ್‌ಗುಟ್ಟಿ ನಿಲ್ಲುವ ಸಂಕಟ ಏನೆಂದು ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಪ್ರತಿಯೊಬ್ಬ ಕೃಷಿಕನಿಗೂ ಗೊತ್ತುಂಟು. ಅಂಗಡಿಯವರಿಗೂ ಅಷ್ಟೆ, ಫ್ರಿಜ್ಜು ನಿಂತರೆ ಹಾಲೂ ಹೋಯಿತು, ಗಿರಾಕಿಯೂ ಹೋದ. ಹಾಗಾಗಿ 2024ರಲ್ಲಿ ಕೇರಳ ವಿದ್ಯುತ್ ಮಂಡಳಿ ಅಣು ವಿದ್ಯುತ್ತಿನ ಮಾತೆತ್ತಿ, ತ್ರಿಶೂರು ಜಿಲ್ಲೆಯ ಅತಿರಪ್ಪಿಳ್ಳಿ ಮತ್ತು ನಮ್ಮದೇ ಜಿಲ್ಲೆಯ ಚೀಮೇನಿ ಎಂಬ ಎರಡು ಹೆಸರು ಪತ್ರಿಕೆಗಳಲ್ಲಿ ಬಂದಾಗ ಪೇಟೆಯಲ್ಲಿ ಎರಡು ಪಕ್ಷವಾಯಿತು. ಜಾಗಕ್ಕೆ ಬೆಲೆ ಬರ್ತದೆ ಅಂತ ಕೆಲವರು. ಮಕ್ಕಳು ಮರಿ ಕಟ್ಟಿಕೊಂಡು ಓಡಬೇಕಾದೀತು ಅಂತ ಕೆಲವರು. ತೊಂಬತ್ತರ ದಶಕದ ಆರಂಭದಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಪೆರಿಂಗೋಮಿಗೆ ಇಂಥದೇ ಪ್ರಸ್ತಾಪ ಬಂದು, ಜನ ಎದ್ದು ನಿಂತು, ಅದು ಬಿದ್ದುಹೋದದ್ದನ್ನು ನೆನಪಿಸಿಕೊಂಡವರೂ ಇದ್ದರು.

ಈ ಎರಡು ಪಕ್ಷದ ನಡುವೆ ಮೂರನೆಯ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಸ್ಥಾವರ ಒಳ್ಳೆಯದೋ ಕೆಟ್ಟದ್ದೋ ಎಂಬುದು ಒಂದು ಮಾತು. ಅದನ್ನು ನಡೆಸುವವರ ಕೆಲಸವನ್ನು ದಿನದಿನ ಪರೀಕ್ಷೆ ಮಾಡುವವರು ಯಾರು, ಅವರ ಸಂಬಳ ಎಲ್ಲಿಂದ ಬರುತ್ತದೆ, ಅವರು ತಪ್ಪು ಕಂಡರೆ ಯಾರಿಗೆ ಹೇಳುತ್ತಾರೆ ಎಂಬುದು ಬೇರೆಯೇ ಮಾತು. ಎಸ್ಸೆಸ್ಸೆಲ್ಸಿ ಕಲಿತು ತೋಟ ಹಿಡಿದ ನನ್ನಂಥವನಿಗೆ ಅಣುವಿನ ಒಳಗಿನ ವಿದ್ಯೆ ತಿಳಿಯದು. ಆದರೆ ತಕ್ಕಡಿಗೆ ಮುದ್ರೆ ಹಾಕುವ ವಿಷಯ ತಿಳಿಯುತ್ತದೆ. ಅಳತೆ ತೂಕದ ಇಲಾಖೆಯವರು ಬಂದು ನಮ್ಮ ತಕ್ಕಡಿ, ಬೊಟ್ಟು ನೋಡಿ ಮುದ್ರೆ ಹಾಕುತ್ತಾರೆ. ಆ ಇನ್ಸ್‌ಪೆಕ್ಟರು ವರ್ತಕರ ಗಲ್ಲಾಪೆಟ್ಟಿಗೆಯಿಂದ ಸಂಬಳ ಪಡೆಯುವವನಾಗಿದ್ದರೆ ಅಡಿಕೆ ಮಾರಲು ಹೋದ ರೈತ ಆ ಮುದ್ರೆಯನ್ನು ನಂಬುತ್ತಿದ್ದನೇ?

ನಮ್ಮ ದೇಶದಲ್ಲಿ ಅಣು ಸ್ಥಾವರಗಳ ಸುರಕ್ಷೆ ನೋಡಿಕೊಳ್ಳಲು ಅಣುಶಕ್ತಿ ನಿಯಂತ್ರಣ ಮಂಡಳಿ ಎಂಬುದು 1983ರ ನವೆಂಬರ್ 15ರಂದು ಹುಟ್ಟಿತು. ಹುಟ್ಟಿದ್ದು ಸಂಸತ್ತಿನ ಪ್ರತ್ಯೇಕ ಕಾಯ್ದೆಯಿಂದ ಅಲ್ಲ, ಸರಕಾರದ ಒಂದು ಆದೇಶದಿಂದ. ಮಂಡಳಿ ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಆ ಇಲಾಖೆಯ ಕೆಳಗೇ ಸ್ಥಾವರ ನಡೆಸುವ ಅಣು ವಿದ್ಯುತ್ ನಿಗಮ. ಅಂದರೆ ಮಗನ ಪರೀಕ್ಷೆ ಪೇಪರು ತಿದ್ದಲು ಮನೆಯಲ್ಲೇ ಚಿಕ್ಕಪ್ಪನನ್ನು ಕೂರಿಸಿ, ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಸಿದ ಹಾಗೆ. ಚಿಕ್ಕಪ್ಪ ಪ್ರಾಮಾಣಿಕನೇ ಇರಬಹುದು ಮಾರಾಯ್ರೆ, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಊರವರು ಆ ಅಂಕಪಟ್ಟಿಯನ್ನು ಹೇಗೆ ನಂಬುವುದು?

ನಮಗೆ ಹತ್ತಿರದ ಉದಾಹರಣೆ ಉತ್ತರ ಕನ್ನಡದ ಕೈಗಾ. ಕಾಳಿ ನದಿಯ ದಂಡೆಯಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳುಂಟು. ಅಲ್ಲಿಯ ಕರೆಂಟಿನಲ್ಲಿ ಕೇರಳಕ್ಕೂ ಪಾಲುಂಟು, ಹಾಗಾಗಿ ನಮ್ಮ ಮನೆಯ ಬಲ್ಬಿಗೂ ಅದಕ್ಕೂ ಸಂಬಂಧ ಇಲ್ಲದಿಲ್ಲ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾದ ವಿರುದ್ಧ ಊರೂರು ತಿರುಗಿ, 1989ರಲ್ಲಿ ಆ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತದ್ದು ಹಳಬರಿಗೆ ನೆನಪಿರಬಹುದು. ಅಜ್ಜನಿಗೆ ಯಾಕೆ ಈ ಉಸಾಬರಿ ಎಂದವರೇ ಆಗ ಹೆಚ್ಚು.

ಐದು ವರ್ಷ ಕಳೆದು, 1994ರ ಮೇ 13ರಂದು, ಕಟ್ಟುತ್ತಿದ್ದ 1ನೇ ಘಟಕದ ಒಳಗಿನ ಕಾಂಕ್ರೀಟು ಗುಮ್ಮಟದ ತಳಭಾಗ ಹಪ್ಪಳದಂತೆ ಪದರ ಬಿಟ್ಟು ಕಳಚಿ ಬಿತ್ತು. ಬಿದ್ದದ್ದು ನೂರು ಟನ್ನಿಗೂ ಮೇಲಿನ ಕಾಂಕ್ರೀಟು. ಕೆಲಸಗಾರರಿಗೆ ಗಾಯವಾಯಿತು, ಜೀವ ಹೋಗಲಿಲ್ಲ. ಒಳಗೆ ಅಣು ಇಂಧನ ಇನ್ನೂ ತುಂಬಿರಲಿಲ್ಲ, ಅದು ನಮ್ಮ ಪುಣ್ಯ. ಅಪಘಾತ ಆದರೆ ವಿಷವನ್ನು ಹೊರಗೆ ಬಿಡದೆ ಹಿಡಿದಿಡಬೇಕಾದ ಮುಚ್ಚಳವೇ ಈ ಗುಮ್ಮಟ. ಗುಮ್ಮಟದೊಳಗೆ ಉಕ್ಕಿನ ಹಗ್ಗಗಳನ್ನು ಎಳೆದು ಬಿಗಿಯುತ್ತಾರೆ. ಬಾಗಿದ ಆಕಾರದಲ್ಲಿ ಹಾಗೆ ಬಿಗಿದಾಗ ಕಾಂಕ್ರೀಟು ಪದರ ಪದರವಾಗಿ ಸೀಳುವ ಎಳೆತ ಹುಟ್ಟುತ್ತದೆ. ಅದನ್ನು ತಡೆಯುವ ಅಡ್ಡ ಕಬ್ಬಿಣ ಸಾಕಷ್ಟು ಇರಲಿಲ್ಲ. ನಕ್ಷೆ ಬರೆದವರು, ನಕ್ಷೆಗೆ ಒಪ್ಪಿಗೆ ಕೊಟ್ಟವರು, ಕಟ್ಟಿದವರು ಇಷ್ಟು ಜನರ ಕಣ್ಣು ದಾಟಿ ಆ ದೋಷ ಗುಮ್ಮಟದ ತುದಿಗೆ ಏರಿತಲ್ಲ, ಅದೇ ಯೋಚಿಸಬೇಕಾದ ಸಂಗತಿ. ಕೊನೆಗೆ ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಆ ಘಟಕ ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 2000ದ ನವೆಂಬರಿನಲ್ಲಿ.

ಹೊಗಳಬೇಕಾದ್ದನ್ನೂ ಹೇಳಬೇಕು. ಅದೇ 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಮತ್ತೆ ಮೇ 13! ಪದ್ಯ ಬರೆಯುವವನಾದ್ದರಿಂದ ಇಂಥದ್ದು ನನ್ನ ಕಣ್ಣಿಗೆ ಬೀಳುತ್ತದೆ. ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟು ಆಜ್ಞೆ ಕೊಟ್ಟದ್ದೂ 2011ರ ಮೇ 13ರಂದೇ. ಕಾಕತಾಳೀಯ, ಬೇರೇನಲ್ಲ. ಆದರೆ 962 ದಿನದ ಹಿಂದೆ ಇರುವ ಕೆಲಸಗಾರರ ಶ್ರದ್ಧೆ ಕಾಕತಾಳೀಯವಲ್ಲ.

2009ರ ನವೆಂಬರಿನಲ್ಲಿ ಅದೇ ಕೈಗಾದಲ್ಲಿ ನೌಕರರ ಮಾಮೂಲು ಮೂತ್ರ ಪರೀಕ್ಷೆ ಮಾಡಿದಾಗ ಐವತ್ತರ ಆಸುಪಾಸು ಜನರ ಮೈಯಲ್ಲಿ ಟ್ರಿಶಿಯಂ ಹೆಚ್ಚಾಗಿ ಕಂಡಿತು. ಹುಡುಕಿದರೆ, ಕುಡಿಯುವ ನೀರಿನ ಕೂಲರಿಗೆ ಯಾರೋ ಬೇಕೆಂದೇ ಟ್ರಿಶಿಯಂ ಇರುವ ಭಾರಜಲ ಬೆರೆಸಿದ್ದರು. ಪತ್ತೆಯಾದದ್ದು ಪರೀಕ್ಷೆ ಪದ್ಧತಿ ಇದ್ದದ್ದರಿಂದ, ಅದು ಸಮಾಧಾನ. ಮಾದರಿ ಭಾರಜಲ ಕೂಲರಿನ ತನಕ ನಡೆದುಕೊಂಡು ಬರುವಷ್ಟು ಕಾವಲು ಸಡಿಲ ಇತ್ತು ಎಂಬುದು ಅಸಮಾಧಾನ. ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ನಿಜ ಹೇಳಿದ ಹಾಗಾಗುತ್ತದೆ.

ನಿರ್ವಹಣೆ, ರಿಪೇರಿ ಅಂದರೆ ಏನೆಂಬುದಕ್ಕೆ ಉತ್ತರ ಪ್ರದೇಶದ ನರೋರಾ ಸ್ಥಾವರದ ಕತೆ ಕೇಳಬೇಕು. 1993ರ ಮಾರ್ಚ್ 31ರ ನಸುಕಿಗೆ ಅಲ್ಲಿ ಟರ್ಬೈನಿನ ಬ್ಲೇಡು ಮುರಿಯಿತು. ಬೆಂಕಿ ಹೊತ್ತಿತು. ಮುಖ್ಯ ಲೈನಿನ ಕೇಬಲ್ಲೂ ಆಪತ್ತಿಗೆಂದು ಇಟ್ಟ ಕೇಬಲ್ಲೂ ಒಂದೇ ಹಾದಿಯಲ್ಲಿ ಎಳೆದಿದ್ದರಿಂದ ಎರಡೂ ಸುಟ್ಟವು. ಸುಮಾರು ಹದಿನೇಳು ಗಂಟೆ ಸ್ಥಾವರಕ್ಕೆ ಕರೆಂಟೇ ಇಲ್ಲ. ಊರಿಗೆ ಕರೆಂಟು ಕೊಡುವ ಜಾಗದಲ್ಲೇ ಕತ್ತಲೆ! ಕೊನೆಗೆ ಕಾಪಾಡಿದ್ದು ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪು. ಅದರಿಂದ ನೀರು ಹಾಯಿಸಿ ರಿಯಾಕ್ಟರನ್ನು ತಣ್ಣಗಿಟ್ಟರು. ಕರೆಂಟು ಹೋದಾಗ ತೋಟದ ಮೂಲೆಯ ಹಳೇ ಡೀಸೆಲ್ ಪಂಪಿಗೆ ಹ್ಯಾಂಡಲ್ ತಿರುಗಿಸುವ ನಮಗೆ ಇದು ಅರ್ಥವಾಗದ ವಿಷಯವೇನೂ ಅಲ್ಲ. ಆ ಕತ್ತಲಲ್ಲಿ ದುಡಿದ ನೌಕರರಿಗೆ ಕೈಮುಗಿಯಬೇಕು. ಆದರೆ ಆ ಬ್ಲೇಡಿನ ವಿನ್ಯಾಸ ಬದಲಿಸಿ ಎಂಬ ಸಲಹೆ ಮೂಲ ವಿನ್ಯಾಸ ಕಂಪೆನಿಯಿಂದ ಮೊದಲೇ ಬಂದಿತ್ತು, ಹೊತ್ತಿಗೆ ಸರಿಯಾಗಿ ಅದು ಜಾರಿಯಾಗಲಿಲ್ಲ. ಹೊರಗಿನ ಇನ್ಸ್‌ಪೆಕ್ಟರಿಗೆ ಸ್ವತಂತ್ರ ಕೈ ಇದ್ದರೆ ಇಂಥ ಕಾಗದ ಕಡತದಲ್ಲಿ ಮಲಗುವುದಿಲ್ಲ. ಅಷ್ಟಕ್ಕೇ ಅವನು ಬೇಕಾದದ್ದು.

ನಿಯಂತ್ರಣ ಮಂಡಳಿಯ ಒಳಗೂ ದನಿ ಏಳದೆ ಇರಲಿಲ್ಲ. 1993ರಿಂದ 1996ರವರೆಗೆ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಅವರ ಕಾಲದಲ್ಲಿ, 1995ರಲ್ಲಿ, ದೇಶದ ಅಣು ಕೇಂದ್ರಗಳ ಸುಮಾರು 130 ಸುರಕ್ಷಾ ಸಮಸ್ಯೆಗಳ ಪಟ್ಟಿಯೇ ತಯಾರಾಯಿತು. ಅಧಿಕಾರ ಬಿಟ್ಟ ಮೇಲೆ ಅವರು ಮಂಡಳಿಗೆ ಸ್ವಾತಂತ್ರ್ಯ ಇಲ್ಲ ಎಂದು ಬಹಿರಂಗವಾಗಿಯೇ ಹೇಳುತ್ತ ಬಂದರು. 2012ರಲ್ಲಿ ಮಹಾಲೇಖಪಾಲರ ವರದಿ ಬಂತು. ಅದರಲ್ಲಿ ವರ್ತಕರು ಓದಿ ನಗಬೇಕಾದ ಒಂದು ಸಂಗತಿ ಉಂಟು: ನಿಯಮ ಮುರಿದವರಿಗೆ ಕಾಯ್ದೆಯ ನಿಯಮದ ಪ್ರಕಾರ ಹಾಕಬಹುದಾದ ಗರಿಷ್ಠ ದಂಡ 500 ರೂಪಾಯಿ. ಹೆಲ್ಮೆಟ್ಟಿಲ್ಲದ ಸ್ಕೂಟರಿನವನಷ್ಟೇ ಅಣುಶಕ್ತಿಗೂ! ದೇಶದಲ್ಲಿ ನಡೆಯುತ್ತಿದ್ದ 57,443 ಎಕ್ಸ್‌ರೇ ಯಂತ್ರಗಳಲ್ಲಿ ಕೇವಲ 5,270 ಮಾತ್ರ ನೋಂದಣಿಯಾಗಿದ್ದವು ಎಂದೂ ಅದೇ ವರದಿ ಹೇಳಿತು. 2010ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಹಳೇ ಕೋಬಾಲ್ಟ್ ಯಂತ್ರ ಹರಾಜಾಗಿ ಮಾಯಾಪುರಿಯ ಗುಜರಿ ಅಂಗಡಿಗೆ ಹೋಗಿ ಒಬ್ಬ ಕೆಲಸಗಾರ ಸತ್ತನಲ್ಲ, ಗುಜರಿ ವ್ಯಾಪಾರಿಗಳು ಅದನ್ನು ಮರೆಯಬಾರದು.

ಇಷ್ಟೆಲ್ಲ ಕಾಸರಗೋಡಿನವರಿಗೆ ಯಾಕೆ ಎಂದು ಕೇಳುವವರಿದ್ದರೆ, ಕಾಸರಗೋಡಿನವರಿಗಲ್ಲದೆ ಇನ್ಯಾರಿಗೆ ಎಂದು ನಾನು ಕೇಳುತ್ತೇನೆ. ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ನಿಯಮ ಆಗಲೂ ಇತ್ತು. ಬಾವಿ, ಕೆರೆ ಮುಚ್ಚಬೇಕು, ಜನರಿಗೆ ಮೊದಲೇ ತಿಳಿಸಬೇಕು. ಗುಡ್ಡದ ಹೊಟ್ಟೆ ಕೊರೆದ ನಮ್ಮ ಸುರಂಗದ ನೀರನ್ನು ಯಾವ ಮುಚ್ಚಳದಿಂದ ಮುಚ್ಚುವುದು? ಕೇಳಿದವರಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳನ್ನು ನೋಡಿ ಅನುಮಾನಪಟ್ಟರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಕೋರ್ಟು ಹತ್ತಿದರು. 2000ದಲ್ಲಿ ಸಿಂಪಡಣೆ ನಿಂತಿತು. ವೈದ್ಯರು, ಪತ್ರಕರ್ತರು, ಹೆಂಗಸರು ಹಿಡಿದು ನಿಲ್ಲಿಸಿದರೇ ಹೊರತು, ನಿಲ್ಲಿಸಬೇಕಾದ ಇನ್ಸ್‌ಪೆಕ್ಟರು ನಿಲ್ಲಿಸಲಿಲ್ಲ. ಆಮೇಲೆ ಪರೀಕ್ಷೆ ಮಾಡಿಸಲು ಕಾರ್ಪೊರೇಶನ್ನೇ ನೇಮಿಸಿದ ಪ್ರಯೋಗಾಲಯ, ರಕ್ತದಲ್ಲಿ ಏನೂ ಇಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯವರು ಬಂದು ನೋಡಿದಾಗ ಇದೆ ಎಂದರು. ಒಂದೇ ಊರು, ಒಂದೇ ರಕ್ತ. ದುಡ್ಡು ಕೊಟ್ಟವರು ಬೇರೆ, ಅಷ್ಟೆ.

ಪರಿಹಾರದ ಕತೆಯೂ ಹೀಗೆಯೇ. ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಕೋರ್ಟಿಗೆ ಹೋದ ಎಂಟು ಮಂದಿಗೆ. ಕೋರ್ಟು ಗದರಿದ ಮೇಲೆ ಉಳಿದವರದ್ದು ಚಲಿಸಿತು.

ಈಗ ಹೊಸ ಕಾನೂನಿಗೆ ಬರೋಣ. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರ ಸಿಡಿದ ಮೇಲೆ, ಅಲ್ಲಿಯ ಸಂಸತ್ತು ನೇಮಿಸಿದ ಆಯೋಗ, ಇದು ಮನುಷ್ಯರೇ ಮಾಡಿಕೊಂಡ ಅನಾಹುತ ಎಂದಿತು. ಅಣು ವಿದ್ಯುತ್ತನ್ನು ಬೆಳೆಸುವ ಮಂತ್ರಾಲಯದ ಅಡಿಯಲ್ಲೇ ಅದನ್ನು ಪರೀಕ್ಷಿಸುವ ಸಂಸ್ಥೆಯೂ ಇತ್ತು. 2012ರಲ್ಲಿ ಅವರು ಅದನ್ನು ಬೇರ್ಪಡಿಸಿದರು. ನಮ್ಮಲ್ಲೂ 2011ರ ಸೆಪ್ಟೆಂಬರಿನಲ್ಲಿ ಸ್ವತಂತ್ರ ಸುರಕ್ಷಾ ಪ್ರಾಧಿಕಾರದ ಮಸೂದೆ ಲೋಕಸಭೆಗೆ ಬಂತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಮುಗಿಯಿತು. ಮುಂದೆ 2025ರ ಡಿಸೆಂಬರಿನಲ್ಲಿ ಸಂಸತ್ತು ‘ಶಾಂತಿ’ ಎಂಬ ಹೆಸರಿನ ಕಾಯ್ದೆಯನ್ನು ಕೆಲವೇ ದಿನಗಳಲ್ಲಿ ಅಂಗೀಕರಿಸಿತು. 1962ರ ಅಣುಶಕ್ತಿ ಕಾಯ್ದೆ, 2010ರ ಹೊಣೆಗಾರಿಕೆ ಕಾಯ್ದೆ ಎರಡರ ಜಾಗಕ್ಕೂ ಇದು. ನಿಯಂತ್ರಣ ಮಂಡಳಿಗೆ ಕೊನೆಗೂ ಕಾಯ್ದೆಯ ಬಲ ಬಂತು, ಇದು ಒಳ್ಳೆಯದು, ನಲವತ್ತು ವರ್ಷ ತಡವಾದರೂ. ಅದೇ ಕಾಯ್ದೆ ಖಾಸಗಿ ಕಂಪೆನಿಗಳಿಗೂ ಬಾಗಿಲು ತೆರೆಯಿತು. ಅಷ್ಟೇ ಅಲ್ಲ, ದೋಷವಿರುವ ಸಾಮಾನು ಕೊಟ್ಟ ಕಂಪೆನಿಯ ಮೇಲೆ 2010ರ ಕಾಯ್ದೆ ಹೊರಿಸಿದ್ದ ಹೊಣೆಯನ್ನು ಹಗುರ ಮಾಡಿತು. ನರೋರಾದ ಬ್ಲೇಡನ್ನು ಓದುಗರು ಇಲ್ಲಿ ಇನ್ನೊಮ್ಮೆ ನೆನೆಯಬಹುದು. ಲಾಭ ನೋಡುವವರು ಒಳಗೆ ಬಂದ ಮೇಲೆ, ರಿಪೇರಿಗೆಂದು ಸ್ಥಾವರ ನಿಲ್ಲಿಸಿದ ಪ್ರತಿ ದಿನವೂ ಅವರಿಗೆ ನಷ್ಟದ ಲೆಕ್ಕ. ಆಗ ‘ನಿಲ್ಲಿಸು’ ಎಂದು ಹೇಳುವವನ ನಾಲಿಗೆ ಇನ್ನೂ ಗಟ್ಟಿ ಬೇಕು. ಅವನನ್ನು ಆರಿಸುವ ಸಮಿತಿಯಲ್ಲಿ ಅಣುಶಕ್ತಿ ಆಯೋಗದವರೇ ಕೂತರೆ ಚಿಕ್ಕಪ್ಪ ಮತ್ತೆ ಚಿಕ್ಕಪ್ಪನೇ.

ಬೇಲಿಯೇ ಎದ್ದು ಹೊಲ ಮೇಯುವ ಗಾದೆ ಕನ್ನಡದಲ್ಲಿ ಉಂಟು. ತೆಲುಗಿನಲ್ಲೂ ‘ಕಂಚೆ ಚೇನು ಮೇಸಿನಟ್ಟು’ ಅಂತಾರೆ. ಎರಡು ಭಾಷೆಯ ರೈತನ ಅನುಭವವೂ ಒಂದೇ ಅಂತಾಯಿತು. ತೆಲುಗು ಪತ್ರಿಕೆ ಓದುವವರಿಗೆ ಕಡಪ ಜಿಲ್ಲೆಯ ತುಮ್ಮಲಪಲ್ಲಿ ಗೊತ್ತಿರುತ್ತದೆ. ಅಲ್ಲಿ ಯುರೇನಿಯಂ ಗಣಿಯ ರಾಡಿ ತುಂಬುವ ಹೊಂಡದಿಂದ ಬೋರುವೆಲ್ಲಿನ ನೀರು ಕೆಟ್ಟಿತು, ಬಾಳೆ ಸುಟ್ಟುಹೋಯಿತು ಎಂದು ರೈತರು ದೂರಿದರು. ಇಲ್ಲ ಎಂದು ಗಣಿಯವರು. ನೀರು ತಪಾಸಣೆಗೆ ರೈತರೂ ಗಣಿಯವರೂ ಒಪ್ಪುವ ಮೂರನೆಯವರು ಇಲ್ಲದಿದ್ದರೆ ಇಂಥ ಜಗಳ ಹತ್ತು ವರ್ಷವಾದರೂ ತೀರುವುದಿಲ್ಲ. ಕೈಗಾದಲ್ಲೂ ಗಾಳಿ, ನೀರು, ಮೀನು ಪರೀಕ್ಷಿಸುವ ಪ್ರಯೋಗಾಲಯ ಭಾಭಾ ಅಣು ಸಂಶೋಧನಾ ಕೇಂದ್ರದ್ದು, ಅದೂ ಅಣುಶಕ್ತಿ ಇಲಾಖೆಯದ್ದೇ. ಸ್ಥಾವರಗಳ ಸುತ್ತ ಕ್ಯಾನ್ಸರ್ ಸಮೀಕ್ಷೆ ಮಾಡುವ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಹೆಸರು ದೊಡ್ಡದು, ನಮ್ಮೂರಿನಿಂದಲೂ ಎಷ್ಟೋ ಮಂದಿ ಅಲ್ಲಿಗೆ ಹೋಗುತ್ತಾರೆ. ಅದಕ್ಕೆ ಅನುದಾನ ಬರುವುದೂ ಅದೇ ಇಲಾಖೆಯಿಂದ.

ಚೀಮೇನಿಯ ಮಾತು ಮುಂದೆ ಹೋಗುತ್ತದೋ ಬಿಡುತ್ತದೋ, ಅದು ಬೇರೆ. ಯಾವಾಗ ಯಾರು ಆ ಮಾತು ತಂದರೂ ಜಾಗದ ಬೆಲೆ ಕೇಳುವ ಮೊದಲು ನಾವು ಕೇಳಬೇಕಾದ್ದು ಇಷ್ಟು. ಕಾಮಗಾರಿ ಶುರುವಾಗುವ ಮೊದಲೇ, ಇಲಾಖೆಗೆ ಸಂಬಂಧವಿಲ್ಲದ ವೈದ್ಯಕೀಯ ಕಾಲೇಜಿನವರಿಂದ ಸುತ್ತಲಿನ ಪಂಚಾಯತುಗಳ ಆರೋಗ್ಯ ಸಮೀಕ್ಷೆ ಆಗಲಿ. ಎಂಡೋಸಲ್ಫಾನಿನಲ್ಲಿ ‘ಮೊದಲು ಹೇಗಿತ್ತು’ ಎಂಬ ಲೆಕ್ಕ ಇಲ್ಲದೆ ನಾವು ಪಟ್ಟ ಪಾಡು ಸಾಕು. ಕೂಡಂಕುಳಂ ಸ್ಥಾವರದ ಸುರಕ್ಷಾ ವರದಿಯನ್ನು ಜನರಿಗೆ ಕೊಡಿ ಎಂದು ಕೇಂದ್ರ ಮಾಹಿತಿ ಆಯೋಗ 2012ರಲ್ಲಿ ಹೇಳಿದಾಗ ನಿಗಮ ಹೈಕೋರ್ಟಿಗೆ ಓಡಿತು. ಇಲ್ಲಿ ಹಾಗಾಗದಂತೆ ಮೊದಲೇ ಬರೆದು ಕೊಡಲಿ. ಪರಿಸರ ನಿಯಮದ ಪ್ರಕಾರ ಜನರ ಅಹವಾಲು ಸಭೆಗೆ ಮೂವತ್ತು ದಿನ ಮುಂಚೆ ನೋಟೀಸು ಬೇಕು, ವರದಿಯ ಸಾರಾಂಶ ಊರ ಭಾಷೆಯಲ್ಲಿ ಬೇಕು. ಊರ ಭಾಷೆ ಅಂದರೆ ನಮ್ಮ ಜಿಲ್ಲೆಯಲ್ಲಿ ಮಲಯಾಳ ಮಾತ್ರ ಅಲ್ಲ. ನೀಲೇಶ್ವರದವನಿಗೆ ಮಲಯಾಳದಲ್ಲಿ ಕೊಟ್ಟ ಕಾಗದವನ್ನೇ ಬದಿಯಡ್ಕದವನಿಗೆ ಕನ್ನಡದಲ್ಲಿ ಕೊಡಲಿ, ಸಾರಾಂಶ ಮಾತ್ರವಲ್ಲ, ಪೂರ್ತಿ.