ಯೋಗಕ್ಕೂ ಇಂಟರ್ನಲ್ಸಾ?

ವಿಟಿಯುನ 2022ರ ಸ್ಕೀಮಿನಲ್ಲಿ ಮೂರರಿಂದ ಆರನೇ ಸೆಮಿಸ್ಟರ್‌ವರೆಗೆ ಎನ್ನೆಸ್ಸೆಸ್, ಪಿಇ, ಯೋಗ ಈ ಮೂರರಲ್ಲಿ ಒಂದು ಕಡ್ಡಾಯ. ಕ್ರೆಡಿಟ್ ಸೊನ್ನೆ, ಆದ್ರೆ ಪಾಸಾಗದಿದ್ರೆ ಡಿಗ್ರಿ ಇಲ್ಲ! ಟೆನ್ಶನ್ ಕಳೆಯೋಕೆ ಅಂತ ಯೋಗ ತಗೊಂಡವನಿಗೆ ಅದರದ್ದೇ ಇಂಟರ್ನಲ್ಸ್ ಟೆನ್ಶನ್...

ಯೋಗ ಬೇಡ ಅಂತಲ್ಲ ಸ್ವಾಮಿ. ಉಸಿರನ್ನ ನಿಧಾನಕ್ಕೆ ಬಿಟ್ರೆ ಎದೆಬಡಿತ ಇಳಿಯುತ್ತೆ, ಪರೀಕ್ಷೆ ಹಾಲ್ ಬಾಗಿಲಲ್ಲಿ ಅದು ಸಣ್ಣ ವಿಷಯವೇನಲ್ಲ. ಆದ್ರೆ ಕುಣಿಗಲ್‌ನಿಂದ ಬೆಳಗಿನ ಬಸ್ಸು ಹಿಡಿದು ತುಮಕೂರಿಗೋ ಬೆಂಗಳೂರಿಗೋ ಹೋಗಿ, ಕತ್ತಲಾದ ಮೇಲೆ ಊರು ಸೇರೋ ಹುಡುಗ್ರಿಗೆ ಮೊದಲು ಬೇಕಿರೋದು ನಿದ್ದೆ. ಅದನ್ನ ಯಾವ ಆಸನ ಕೊಡುತ್ತೆ? ಹೇಳಿಕೊಡೋದಾದ್ರೆ ಕ್ಲಾಸಿನ ಟೈಮಲ್ಲೇ ಹತ್ತು ನಿಮಿಷ, ಮಾರ್ಕ್ಸ್ ಇಲ್ಲದೆ ಹೇಳಿಕೊಡಲಿ.

ಅದಕ್ಕೂ ಬಗ್ಗದ ಸಂಕಟ ಇರುತ್ತೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನ ನೋಟೀಸ್ ಬೋರ್ಡಿಗೆ ಅಂಟಿಸಿರೋ ಕಾಲೇಜನ್ನ ನೀವೇನಾದ್ರೂ ನೋಡಿದ್ದೀರಾ?